ದೂರ ಎಷ್ಟು, ಹೊತ್ತು ಎಷ್ಟು? ಸೋಗಾನೆಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಂದು ಲೆಕ್ಕದ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳ ಒಂದು ಬೆಳಿಗ್ಗೆ ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಪರಿಚಿತರೊಬ್ಬರ ಮನೆಯ ಮುಂದೆ ನಿಂತಿದ್ದೆ. ಮನೆಯ ಯಜಮಾನರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು. ಹಿಂದಿನ ರಾತ್ರಿ ಅವರ ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ ಕ್ಯಾಲಿಫೋರ್ನಿಯದಲ್ಲಿ. ಅವನು ಬರುವವರೆಗೆ ಕಾಯಬೇಕೇ, ಬೇಡವೇ ಎಂಬ ಮಾತು ನಡೆದಿತ್ತು. ಆ ಮನೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಫಿಸಿಕ್ಸ್ ಪಾಠ ಹೇಳೋರು. ಹುಡುಗ ಬರೋಕೆ ಎಷ್ಟು ಹೊತ್ತಾಗುತ್ತೆ, ಸರಿಯಾಗಿ ಹೇಳಿ" ಎಂದರು.

ಮನಸ್ಸಿನಲ್ಲೇ 14,000 ಕಿಲೋಮೀಟರನ್ನು ಗಂಟೆಗೆ 900 ಕಿಲೋಮೀಟರ್ ವೇಗದಿಂದ ಭಾಗಿಸಿದೆ. "ಹದಿನಾರು ಗಂಟೆ. ಮೇಲೆ ನಾಲ್ಕು ಸೇರಿಸಿ, ಇಪ್ಪತ್ತು ಅಂತ ಇಟ್ಟುಕೊಳ್ಳಿ" ಎಂದೆ. ಅವರು ಆ ಲೆಕ್ಕವನ್ನೇ ನಂಬಿ ಮರುದಿನ ಬೆಳಗಿನ ಹೊತ್ತನ್ನು ನಿಶ್ಚಯಿಸಿದರು. ಮಗ ಬಂದು ಮುಟ್ಟಿದ್ದು 44 ಗಂಟೆಗಳ ನಂತರ. ಎಲ್ಲರೂ ಕಾದರು, ಯಾರೂ ನನ್ನನ್ನು ಆಕ್ಷೇಪಿಸಲಿಲ್ಲ. ಆದರೆ ವೇಗ, ದೂರ, ಕಾಲಗಳ ಸಂಬಂಧವನ್ನು ಮೂವತ್ತು ವರ್ಷ ಪಾಠ ಮಾಡಿದವನ ಉತ್ತರ ಅರ್ಧಕ್ಕಿಂತ ಹೆಚ್ಚು ತಪ್ಪಾಗಿತ್ತು. ತಪ್ಪು ಎಲ್ಲಿತ್ತು ಎಂದು ಹುಡುಕುತ್ತಾ ಹೋದಾಗ ಈ ಸರಳ ಪ್ರಶ್ನೆಯ ಹಿಂದೆ ಬಹು ದೀರ್ಘವಾದ ಚರಿತ್ರೆ ಇರುವುದು ಕಂಡಿತು. ಅದನ್ನೇ ಇಲ್ಲಿ ಹೇಳಲಿದ್ದೇನೆ.

ಗ್ರಹಣದಿಂದ ದೂರ

ಭೂಮಿಯ ಮೇಲಿನ ಎರಡು ಊರುಗಳ ನಡುವಿನ ದೂರವನ್ನು ಲೆಕ್ಕ ಹಾಕಲು ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳು ತಿಳಿದಿರಬೇಕು. ಅಕ್ಷಾಂಶ ಸುಲಭ. ಧ್ರುವ ನಕ್ಷತ್ರದ ಎತ್ತರವನ್ನೋ ಮಧ್ಯಾಹ್ನದ ನೆರಳನ್ನೋ ಅಳೆದರೆ ಸಾಕು. ರೇಖಾಂಶವೇ ಕಷ್ಟ. ಭೂಮಿ ತಿರುಗುತ್ತಲೇ ಇರುವುದರಿಂದ ಪೂರ್ವ-ಪಶ್ಚಿಮ ಅಂತರವನ್ನು ಕಾಲದ ಅಂತರದಿಂದಲೇ ತಿಳಿಯಬೇಕು.

ಭಾರತೀಯ ಜ್ಯೋತಿರ್ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದುದು. ಚಂದ್ರಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಆರಂಭವಾಗುತ್ತದೆ. ಆದರೆ ಆ ಕ್ಷಣದಲ್ಲಿ ಒಂದೊಂದು ಊರಿನ ಸ್ಥಳೀಯ ಕಾಲ ಒಂದೊಂದು. ಈ ಕಾಲವ್ಯತ್ಯಾಸವೇ 'ದೇಶಾಂತರ'. ಅಹೋರಾತ್ರಿಗೆ 60 ಘಳಿಗೆ, ವೃತ್ತಕ್ಕೆ 360 ಅಂಶ. ಆದ್ದರಿಂದ ಒಂದು ಘಳಿಗೆಯ ವ್ಯತ್ಯಾಸವೆಂದರೆ 6 ಅಂಶಗಳ ಅಂತರ. ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಹಾಯುವ ರೇಖೆಯನ್ನು ಅವರು ಮಧ್ಯರೇಖೆಯಾಗಿ ಇಟ್ಟುಕೊಂಡಿದ್ದರು. ಪಂಚಾಂಗ ನೋಡುವವರಿಗೆ ದೇಶಾಂತರ ಸಂಸ್ಕಾರ ಇಂದಿಗೂ ಗೊತ್ತು.

ಇದನ್ನು ನಮ್ಮ ಊರಿಗೆ ಅನ್ವಯಿಸಿ ನೋಡಬಹುದು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಸೋಗಾನೆಯಲ್ಲಿರುವ ವಿಮಾನ ನಿಲ್ದಾಣದ ಸ್ಥಾನ ಸುಮಾರು 13.85 ಅಂಶ ಉತ್ತರ ಅಕ್ಷಾಂಶ, 75.61 ಅಂಶ ಪೂರ್ವ ರೇಖಾಂಶ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ್ದು 13.20 ಮತ್ತು 77.71. ರೇಖಾಂಶಗಳ ಅಂತರ 2.1 ಅಂಶ. ಒಂದು ಅಂಶಕ್ಕೆ 4 ನಿಮಿಷದಂತೆ ಬೆಂಗಳೂರಿನಲ್ಲಿ ಸೂರ್ಯ ಸೋಗಾನೆಗಿಂತ ಎಂಟೂವರೆ ನಿಮಿಷ ಮೊದಲೇ ನೆತ್ತಿಗೆ ಬರುತ್ತಾನೆ. ಕೈಗಡಿಯಾರ ಮಾತ್ರ ಎರಡೂ ಕಡೆ ಒಂದೇ ಸಮಯ ತೋರಿಸುತ್ತದೆ.

ಸರಪಳಿಯಿಂದ ತ್ರಿಕೋನಕ್ಕೆ

ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಯ ಮೋಜಣಿ ಆರಂಭವಾಯಿತು. ಆ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ಅಡ್ಡಲಾಗಿ ಅಳೆಯುವ ಯೋಜನೆ ಮುಂದಿಟ್ಟ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಯಲಾಯಿತು. ಒಂದು ಭುಜ ತಿಳಿದರೆ ಉಳಿದ ಭುಜಗಳನ್ನು ಕೋನಗಳಿಂದಲೇ ಪಡೆಯಬಹುದಷ್ಟೆ? ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಥಿಯೊಡೊಲೈಟ್ ಹೊತ್ತು ತ್ರಿಕೋನಗಳ ಸಾಲನ್ನು ಪಶ್ಚಿಮಕ್ಕೆ ಒಯ್ದರು. ಲೆಕ್ಕ ಸರಿಯಿದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದರು.

ಸಾಲು ಮಂಗಳೂರಿನ ಕಡಲನ್ನು ಮುಟ್ಟಿದಾಗ ಆಶ್ಚರ್ಯ ಕಾದಿತ್ತು. ಹಳೆಯ ಭೂಪಟಗಳ ಪ್ರಕಾರ ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ. ಅಳತೆಯಲ್ಲಿ ಬಂದದ್ದು 360 ಮೈಲಿ. ಇಲ್ಲದ 40 ಮೈಲಿ ಅಗಲದ ನೆಲ ಭೂಪಟದಲ್ಲಿತ್ತು! ದೂರವೆಂಬುದು ಊಹೆಯಿಂದ ಹೇಳುವ ಮಾತಲ್ಲ, ಅಳೆದೇ ಹೇಳಬೇಕಾದ ಮಾತು ಎಂದು ತೋರಿಸಿದ ಈ ಕೆಲಸವೇ ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಬೆಳೆದು ಹಿಮಾಲಯ ಮುಟ್ಟಿತು.

ಈ ಅಳತೆಗಳ ಇನ್ನೊಂದು ಉದ್ದೇಶ ಭೂಮಿಯ ಆಕಾರವನ್ನು ತಿಳಿಯುವುದು. ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಇಂದಿನ ಜಿಪಿಎಸ್ ಬಳಸುವ ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6,378.1 ಕಿ.ಮೀ., ಧ್ರುವದ ತ್ರಿಜ್ಯ 6,356.8 ಕಿ.ಮೀ. ವ್ಯತ್ಯಾಸ 21 ಕಿ.ಮೀ.ಗಳಷ್ಟು. ಮೊದಲೆಲ್ಲ ಒಂದೊಂದು ದೇಶ ಒಂದೊಂದು ಮಾದರಿಯನ್ನು ಬಳಸುತ್ತಿತ್ತು. ಹಾಗಾಗಿ ಒಂದೇ ಜಾಗಕ್ಕೆ ಎರಡು ದೇಶಗಳ ಭೂಪಟಗಳಲ್ಲಿ ಬೇರೆ ಬೇರೆ ಅಂಕಿಗಳಿರುತ್ತಿದ್ದವು. 1998ರ ಜನವರಿ 1ರಿಂದ ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಒಂದೇ ಮಾದರಿ ಜಾರಿಗೆ ಬಂತು.

ಭೂಪಟದ ನೇರ ಗೆರೆ ನೇರವಲ್ಲ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹ್ರಸ್ವ ಮಾರ್ಗ 'ಮಹಾವೃತ್ತ'ದ ಭಾಗ. ಗೋಳದ ಕೇಂದ್ರವನ್ನೂ ಆ ಎರಡು ಬಿಂದುಗಳನ್ನೂ ಹಾದುಹೋಗುವ ಸಮತಲ ಗೋಳವನ್ನು ಕತ್ತರಿಸಿದಾಗ ಸಿಗುವ ವೃತ್ತ ಅದು. ಕಿತ್ತಳೆ ಹಣ್ಣನ್ನು ಸರಿಯಾಗಿ ನಡುವಿಗೆ ಕೊಯ್ದರೆ ಸಿಪ್ಪೆಯ ಅಂಚಿನಲ್ಲಿ ಕಾಣುವುದೇ ಮಹಾವೃತ್ತ.

1569ರಲ್ಲಿ ಮರ್ಕೇಟರ್ ರಚಿಸಿದ ಭೂಪಟ ನಾವಿಕರಿಗಾಗಿ ಮಾಡಿದ್ದು. ಅದರಲ್ಲಿ ಎಳೆದ ನೇರ ಗೆರೆ ದಿಕ್ಸೂಚಿಯ ಒಂದೇ ಕೋನವನ್ನು ಕೊನೆಯವರೆಗೂ ಕಾಯ್ದುಕೊಳ್ಳುವ ದಾರಿ. ಹಡಗು ನಡೆಸಲು ಇದು ಅನುಕೂಲ. ಆದರೆ ಅದು ಅತಿ ಹ್ರಸ್ವ ದಾರಿಯಲ್ಲ. ಧ್ರುವಗಳ ಕಡೆಗೆ ಹೋದಂತೆ ಆ ಭೂಪಟ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿದ ಲಿಂಡ್‌ಬರ್ಗ್ ಮಹಾವೃತ್ತವನ್ನು ನೂರು ನೂರು ಮೈಲಿಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ದಿಕ್ಕು ತುಸು ಬದಲಿಸುತ್ತಾ ಮೂವತ್ತಮೂರೂವರೆ ಗಂಟೆಗಳಲ್ಲಿ ಗುರಿ ಮುಟ್ಟಿದ.

ಈಗ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಗಳ ದೂರವನ್ನು ನಾವೇ ಲೆಕ್ಕ ಹಾಕೋಣ. ಗೋಳೀಯ ತ್ರಿಕೋನಮಿತಿಯ ಸೂತ್ರ ಹೀಗಿದೆ:

ಕೋಸೈನ್ (ಕೋನಾಂತರ) = ಸೈನ್ ಅ₁ × ಸೈನ್ ಅ₂ + ಕೋಸೈನ್ ಅ₁ × ಕೋಸೈನ್ ಅ₂ × ಕೋಸೈನ್ ರೇ

ಇಲ್ಲಿ ಅ₁, ಅ₂ ಎರಡು ಅಕ್ಷಾಂಶಗಳು, ರೇ ಎಂಬುದು ರೇಖಾಂಶಗಳ ಅಂತರ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.62 ಅಂಶ ಉತ್ತರ, 122.38 ಅಂಶ ಪಶ್ಚಿಮದಲ್ಲಿದೆ. 77.71 ಮತ್ತು 122.38 ಕೂಡಿದರೆ 200.09. ಇದು 180ಕ್ಕಿಂತ ಹೆಚ್ಚಾದ್ದರಿಂದ 360ರಿಂದ ಕಳೆದು 159.91 ಎಂದು ತೆಗೆದುಕೊಳ್ಳಬೇಕು. ಮೊದಲ ಪದ 0.1394, ಎರಡನೆಯದು −0.7242. ಮೊತ್ತ −0.5848. ಕೋನಾಂತರ 125.8 ಅಂಶ. ಒಂದು ಅಂಶಕ್ಕೆ 111.2 ಕಿ.ಮೀ.ನಂತೆ ದೂರ ಸುಮಾರು 13,990 ಕಿ.ಮೀ. 2021ರಲ್ಲಿ ಈ ಮಾರ್ಗದಲ್ಲಿ ಹಾರಾಟ ಆರಂಭಿಸಿದ ಏರ್ ಇಂಡಿಯಾ ಪ್ರಕಟಿಸಿದ ನೇರ ದೂರ 13,993 ಕಿ.ಮೀ. ಕಾಲೇಜಿನ ಲೆಕ್ಕಕ್ಕೂ ಅದಕ್ಕೂ ಎಷ್ಟು ಹತ್ತಿರದ ಹೊಂದಾಣಿಕೆ ನೋಡಿ!

ಇದೇ ಎರಡು ಊರುಗಳನ್ನು ಮರ್ಕೇಟರ್ ಭೂಪಟದಲ್ಲಿ, ಪೆಸಿಫಿಕ್ ಸಾಗರದ ಮೇಲೆ, ನೇರ ಗೆರೆಯಿಂದ ಸೇರಿಸಿ ಆ ದಾರಿಯಲ್ಲೇ ಹೋದರೆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಎಂದರೆ 2,100 ಕಿ.ಮೀ. ಹೆಚ್ಚು, ಎರಡು ಗಂಟೆಗೂ ಮೀರಿದ ಹಾರಾಟ. ಮಹಾವೃತ್ತದಲ್ಲಿ ಹೋಗುವ ವಿಮಾನ ಬೆಂಗಳೂರಿನಿಂದ ಹೊರಡುವಾಗ ಮೂತಿ ಇಡಬೇಕಾದ ದಿಕ್ಕು ಯಾವುದು? ಪೂರ್ವವಲ್ಲ. ಉತ್ತರದಿಂದ ಪೂರ್ವಕ್ಕೆ ಬರೀ 20 ಅಂಶ. ಅದು ಈಶಾನ್ಯ ಸೈಬೀರಿಯದ ಕರಾವಳಿಯಾಚೆ ಸುಮಾರು 71 ಅಂಶ ಉತ್ತರದವರೆಗೆ ಏರಿ, ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ. ಅಮೆರಿಕಕ್ಕೆ ಹೋಗುವವರು ಹಿಮದ ನಾಡನ್ನು ಏಕೆ ಸುತ್ತಬೇಕು ಎಂದು ಕೇಳುವವರಿಗೆ ಉತ್ತರ ಇಷ್ಟೆ: ಸುತ್ತುತ್ತಿರುವುದು ಭೂಪಟ, ವಿಮಾನವಲ್ಲ.

ಬಳ್ಳಾರಿಯ ತಂಗುದಾಣ

ಹ್ರಸ್ವ ಮಾರ್ಗ ಗೊತ್ತಿದ್ದರೂ ಅದರಲ್ಲಿ ಒಂದೇ ಉಸಿರಿಗೆ ಹಾರುವ ಶಕ್ತಿ ವಿಮಾನಗಳಿಗೆ ಬಹುಕಾಲ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಬಂದರು. ಅಲ್ಲಿಂದ ಮದ್ರಾಸಿಗೆ ಅಂಚೆ ಒಯ್ದವರು ನೆವಿಲ್ ವಿನ್ಸೆಂಟ್. ಅವರು ನಡುವೆ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಹೀಗೆ ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲೇ ಕರ್ನಾಟಕದ ಒಂದು ಊರಿನ ಹೆಸರಿದೆ.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮುಂಬಯಿಯಿಂದ ಲಂಡನ್ನಿಗೆ ಮೊದಲ ಹಾರಾಟ ನಡೆಸಿದಾಗಲೂ ಕೈರೋ ಮತ್ತು ಜಿನೀವಾಗಳಲ್ಲಿ ಇಳಿದೇ ಹೋಗಬೇಕಾಯಿತು. ಕಾರಣ ಇಂಧನ. ದೂರದ ಹಾರಾಟಕ್ಕೆ ಹೆಚ್ಚು ಇಂಧನ ಬೇಕು. ಆ ಇಂಧನವೇ ಭಾರ. ಆ ಭಾರವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಆದ್ದರಿಂದ ದೂರ ಎರಡರಷ್ಟಾದರೆ ಇಂಧನ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ದಕ್ಷ ಎಂಜಿನ್‌ಗಳು ಬಂದ ಮೇಲೆಯೇ ಈ ಸರಪಳಿ ಸಡಿಲವಾದದ್ದು. 2005ರ ನವೆಂಬರ್‌ನಲ್ಲಿ ಬೋಯಿಂಗ್ 777-200ಎಲ್‌ಆರ್ ವಿಮಾನ ಹಾಂಗ್‌ಕಾಂಗ್‌ನಿಂದ ಪೂರ್ವಾಭಿಮುಖವಾಗಿ ಹೊರಟು ಎಲ್ಲೂ ಇಳಿಯದೆ 21,600 ಕಿ.ಮೀ. ಹಾರಿ ಲಂಡನ್ ತಲುಪಿತು. ಭೂಮಿಯ ಮೇಲಿನ ಯಾವ ಎರಡು ಸ್ಥಳಗಳ ನಡುವೆಯೂ ಹ್ರಸ್ವ ದೂರ ಸುಮಾರು 20,000 ಕಿ.ಮೀ. ಮೀರದು. ಅದು ಪರಿಧಿಯ ಅರ್ಧ.

ಗಾಳಿಯ ನದಿಗಳು

ದೂರ ಸರಿಯಾಗಿ ತಿಳಿದರೂ ಹೊತ್ತು ತಿಳಿಯದು. ನಡುವೆ ಗಾಳಿ ಇದೆ. 1920ರ ದಶಕದಲ್ಲಿ ಜಪಾನಿನ ಹವಾವಿಜ್ಞಾನಿ ವಸಾಬುರೋ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು, ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಹು ರಭಸದಿಂದ ಬೀಸುವ ಗಾಳಿಯನ್ನು ಕಂಡುಹಿಡಿದರು. ಜಗತ್ತಿಗೆಲ್ಲ ತಿಳಿಯಲೆಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಆದ್ದರಿಂದಲೇ ಅದನ್ನು ಓದಿದವರು ವಿರಳ! ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳಿಗೆ ಈ ಜೆಟ್ ಪ್ರವಾಹದ ಬಿಸಿ ತಟ್ಟಿತು.

ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುವ ಒಂದು ಪ್ರಶ್ನೆ ಇದೆ: "ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಸುಮ್ಮನೆ ಮೇಲೇರಿ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ?" ಬರುವುದಿಲ್ಲ. ಶಿವಮೊಗ್ಗದ ನೆಲ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಅದರೊಡನೆ ನಾವೂ ವಿಮಾನವೂ ವಾತಾವರಣವೂ ಸಾಗುತ್ತಿವೆ. ಓಡುವ ರೈಲಿನಲ್ಲಿ ಮೇಲಕ್ಕೆಸೆದ ಚೆಂಡು ಕೈಗೇ ಮರಳುವುದಿಲ್ಲವೇ, ಹಾಗೆ. ಭೂಭ್ರಮಣ ಪರಿಣಾಮ ಬೀರುವುದು ಪರೋಕ್ಷವಾಗಿ. ಸಮಭಾಜಕದಿಂದ ಧ್ರುವಗಳ ಕಡೆಗೆ ಹೊರಟ ಗಾಳಿ ಕೊರಿಯೊಲಿಸ್ ಪರಿಣಾಮದಿಂದ ಪೂರ್ವಕ್ಕೆ ತಿರುಗುತ್ತದೆ. ಜೆಟ್ ಪ್ರವಾಹದ ಮೂಲ ಇದರಲ್ಲಿದೆ.

ಒಂದು ಸಣ್ಣ ಲೆಕ್ಕ. ದೂರ 14,000 ಕಿ.ಮೀ., ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎನ್ನೋಣ. ಗಾಳಿ ಇಲ್ಲದಿದ್ದರೆ 15.6 ಗಂಟೆ. ದಾರಿಯುದ್ದಕ್ಕೂ ಗಂಟೆಗೆ 150 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ 13.3 ಗಂಟೆ. ಅದೇ ಗಾಳಿ ಎದುರಾದರೆ 18.7 ಗಂಟೆ. ಹೋಗಿ ಬರುವಾಗ ಲಾಭನಷ್ಟ ಸರಿದೂಗುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಸರಿದೂಗುವುದಿಲ್ಲ. ಗಾಳಿ ಇಲ್ಲದಾಗ ಒಟ್ಟು 31.1 ಗಂಟೆ, ಇದ್ದಾಗ 32 ಗಂಟೆ. ಏಕೆಂದರೆ ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ.

ಹೀಗಾಗಿ ಹ್ರಸ್ವ ದೂರದ ದಾರಿಯೇ ಹ್ರಸ್ವ ಕಾಲದ ದಾರಿಯಲ್ಲ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಾಗ ಮಹಾವೃತ್ತಕ್ಕಿಂತಲೂ ಉತ್ತರಕ್ಕೆ, ಧ್ರುವ ಪ್ರದೇಶದ ಮೇಲೆ ಹಾರಿತು. ಪಶ್ಚಿಮಕ್ಕೆ ಬರುವ ವಿಮಾನಕ್ಕೆ ಪೆಸಿಫಿಕ್ ಮೇಲಿನ ಜೆಟ್ ಪ್ರವಾಹ ಎದುರುಗಾಳಿ. ಅದನ್ನು ತಪ್ಪಿಸಲು ಉತ್ತರದ ದಾರಿ ಅನುಕೂಲ. ಆದರೆ ಅಲ್ಲಿ ಬೇರೆ ತೊಡಕುಗಳಿವೆ. ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಸಮಭಾಜಕದ ಮೇಲಿನ ಭೂಸ್ಥಿರ ಉಪಗ್ರಹಗಳು ಸುಮಾರು 82 ಅಂಶದಾಚೆ ಕಾಣವು. ವಿಮಾನದ ಇಂಧನ −40ರಿಂದ −47 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟತೊಡಗುವುದರಿಂದ ಅದರ ಉಷ್ಣತೆಯನ್ನು ಗಮನಿಸುತ್ತಲೇ ಇರಬೇಕು.

ಆ ವಿಮಾನ 9ರ ರಾತ್ರಿ ಎಂಟೂವರೆಗೆ ಹೊರಟು 11ರ ಮುಂಜಾನೆ ಬೆಂಗಳೂರು ಮುಟ್ಟಿತು. ಕ್ಯಾಲೆಂಡರ್ ನೋಡಿದರೆ ಮೂವತ್ತು ಗಂಟೆ ಮೀರಿದಂತೆ ತೋರುತ್ತದೆ. ಚಳಿಗಾಲದಲ್ಲಿ ಎರಡು ಊರುಗಳ ಗಡಿಯಾರಗಳ ಅಂತರ ಹದಿಮೂರೂವರೆ ಗಂಟೆ. ಅದನ್ನು ಕಳೆದರೆ ಹಾರಾಟದ ಹೊತ್ತು ಸುಮಾರು 17 ಗಂಟೆ. ದೇಶಾಂತರವೇ ಇಲ್ಲಿಯೂ ಕೆಲಸ ಮಾಡಿದೆ. ರೇಖಾಂಶಗಳಿಂದ ಲೆಕ್ಕ ಹಾಕಿದರೆ 200.09 ಅಂಶಕ್ಕೆ 13 ಗಂಟೆ 20 ನಿಮಿಷ. ಉಳಿದ 10 ನಿಮಿಷ ದೇಶಗಳು ಗೊತ್ತುಪಡಿಸಿಕೊಂಡ ಪ್ರಮಾಣಕಾಲದ ಕೊಡುಗೆ.

ಮತ್ತೆ ಸೋಗಾನೆಗೆ

ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಬೀರೂರಿನಿಂದ. ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಗಳ ನಂತರ, 2023ರ ಜನವರಿಯಲ್ಲಿ, ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದು ಕಾರ್ಮಿಕರು ಹೋರಾಟಕ್ಕೆ ಇಳಿದರು. ಮರುತಿಂಗಳು, ಫೆಬ್ರವರಿ 27ರಂದು, ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಕೆಲಸ ಹುಡುಕಿ ಮಕ್ಕಳು ದೂರ ಹೋಗುವ ಊರಿಗೆ ವಿಮಾನ ನಿಲ್ದಾಣದ ಅರ್ಥ ಬೇರೆಯೇ.

ಸೋಗಾನೆಯಿಂದ ಕೆಂಪೇಗೌಡ ನಿಲ್ದಾಣಕ್ಕೆ ಮೇಲಿನ ಸೂತ್ರದಿಂದ ಬರುವ ದೂರ ಸುಮಾರು 238 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಅರ್ಧ ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ಕೊಟ್ಟದ್ದು ಒಂದು ಗಂಟೆಗೂ ತುಸು ಮಿಗಿಲು. ಇದರಲ್ಲಿ ಮೋಸವೇನೂ ಇಲ್ಲ. ವಿಮಾನಯಾನದಲ್ಲಿ ಕಾಲವನ್ನು ಎಣಿಸುವುದು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಮತ್ತೊಂದು ಕಡೆ ಪೂರ್ತಿ ನಿಂತ ಕ್ಷಣದವರೆಗೆ. ಓಡುದಾರಿಯ ತುದಿಗೆ ಹೋಗುವುದು, ಸರದಿಗೆ ಕಾಯುವುದು, ಮೇಲೇರುವುದು, ಗಾಳಿಗೆ ಎದುರಾಗಿ ಇಳಿಯಲು ಸುತ್ತು ಹಾಕುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹತ್ತಿರದ ಹಾರಾಟದಲ್ಲಿ ಇವುಗಳದೇ ದೊಡ್ಡ ಪಾಲು, ದೂರದ ಹಾರಾಟದಲ್ಲಿ ಚಿಕ್ಕ ಪಾಲು.

ನನ್ನ ತಪ್ಪು ಲೆಕ್ಕಕ್ಕೆ ಮರಳೋಣ. ಆ ಮಗನಿಗೆ ಟಿಕೆಟ್ ಸಿಕ್ಕಿ ಮನೆ ಬಿಡಲು 8 ಗಂಟೆ ಹಿಡಿದಿತ್ತು. ಮನೆಯಿಂದ ನಿಲ್ದಾಣ, ಅಲ್ಲಿನ ತಪಾಸಣೆ 5 ಗಂಟೆ. ನೇರ ವಿಮಾನ ಸಿಗದೆ ಕೊಲ್ಲಿಯ ನಗರವೊಂದಕ್ಕೆ ಹದಿನೈದೂವರೆ ಗಂಟೆ, ಅಲ್ಲಿ ಕಾಯ್ದದ್ದು 4, ಬೆಂಗಳೂರಿಗೆ 4, ಹೊರಬರಲು ಒಂದೂವರೆ, ಅಲ್ಲಿಂದ ಭದ್ರಾವತಿಗೆ ಕಾರಿನಲ್ಲಿ 6. ಒಟ್ಟು 44. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಅರ್ಧಕ್ಕಿಂತ ಕಡಿಮೆ. ನಾನು ಭಾಗಾಕಾರ ಸರಿಯಾಗಿಯೇ ಮಾಡಿದ್ದೆ. ಆದರೆ ಅವರು ಕೇಳಿದ್ದು ಎರಡು ನಿಲ್ದಾಣಗಳ ನಡುವಿನ ಕಾಲವನ್ನಲ್ಲ, ಎರಡು ಮನೆಗಳ ನಡುವಿನ ಕಾಲವನ್ನು. ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಅಳೆಯಲು ಹೊರಡಬಾರದು ಎಂಬುದು ಲ್ಯಾಂಬ್ಟನ್ನನ ಸರಪಳಿಯ ಕಾಲದಿಂದಲೂ ಇರುವ ನಿಯಮ. ನಾನು ಅದನ್ನು ಮರೆತಿದ್ದೆ.

ಈಗ ನನ್ನ ತರಗತಿಯಲ್ಲಿ ಈ ಪಾಠಕ್ಕೆ ಮೊದಲು ಒಂದು ಗೋಳ, ಒಂದು ದಾರ ಮೇಜಿನ ಮೇಲೆ ಇಡುತ್ತೇನೆ. ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಮಹಾವೃತ್ತದ ಮೇಲೆ ಕೂರುತ್ತದೆ. ಅದೇ ದಾರವನ್ನು ಗೋಳದ ಸಮಭಾಜಕದ ಮೇಲಿಟ್ಟು ಎಷ್ಟು ಅಂಶ ಎಂದು ಎಣಿಸಿ 111ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಅಧ್ಯಾಪಕ ಮಿತ್ರರು ತಮ್ಮ ಶಾಲೆಯಲ್ಲಿ ಇದನ್ನು ಮಾಡಿಸಬಹುದು. ಬಳಿಕ ವಿದ್ಯಾರ್ಥಿಗಳಿಗೆ ಎರಡನೆಯ ಪ್ರಶ್ನೆ ಕೊಡಿ: ನಿಮ್ಮ ಮನೆಯ ಬಾಗಿಲಿನಿಂದ ಆ ಊರಿನ ಮನೆಯೊಂದರ ಬಾಗಿಲಿಗೆ ಎಷ್ಟು ಹೊತ್ತು? ಅದಕ್ಕೆ ಒಂದೇ ಸೂತ್ರ ಸಾಲದು. ಪ್ರತಿ ಹಂತವನ್ನೂ ಬರೆದು ಕೂಡಬೇಕು. ಆ ಪಟ್ಟಿಯನ್ನು ತಯಾರಿಸಲು ಕಲಿತ ವಿದ್ಯಾರ್ಥಿ, ಮನೆಯ ಅಂಗಳದಲ್ಲಿ ಯಾರಾದರೂ ಹಿರಿಯರು ಪ್ರಶ್ನೆ ಕೇಳಿದಾಗ, ನನಗಿಂತ ಒಳ್ಳೆಯ ಉತ್ತರ ಕೊಟ್ಟಾನು.